ಪಂಕ್ತಿಯ ಮೊದಲ ಎಲೆ

ಲಾಫ್ಟ್‌ನಿಂದ ಜಮಖಾನ ಇಳಿಸಿ ಬಿಡಿಸಿದೆ. ನುಸಿಗುಳಿಗೆಯ ಘಾಟಿನ ಅಡಿಯಿಂದ ತೆಂಗಿನೆಣ್ಣೆ, ಶುಂಠಿ, ಹಸಿಮೆಣಸಿನ ವಾಸನೆ ಬಂತು. ಇಷ್ಟು ವರ್ಷ ಅದು ಉಳಿದಿರಲು ಸಾಧ್ಯವಿಲ್ಲ, ನನ್ನ ಮೂಗಿನ ಭ್ರಮೆ ಇರಬೇಕು. ಆದರೆ ಮೂಲೆಯ ಕಾಫಿ ಕಲೆ ಭ್ರಮೆಯಲ್ಲ. ಅದನ್ನು ನೋಡಿದ್ದೇ ಮೈಯೆಲ್ಲ ಉರಿಯಿತು...

ಜಮಖಾನ ಕೇಳಿ ಫೋನ್ ಮಾಡಿದವರು ಚಿಕ್ಕಪ್ಪ. ಮೊಮ್ಮಗಳ ರಿಸೆಪ್ಷನ್ ಪಾರ್ಕಿನಲ್ಲಂತೆ, ಬೆಳಗಿನ ತಿಂಡಿಯಂತೆ. “ಈಗಿನ ಮಕ್ಕಳ ಐಡಿಯಾ ನೋಡು, ಎಷ್ಟು ಚೆನ್ನಾಗಿದೆ!” ಎಂದು ಹಿಗ್ಗಿದರು.

ಈಗಿನ ಮಕ್ಕಳ ಐಡಿಯಾ! ಹದಿನೆಂಟು ವರ್ಷದ ಹಿಂದೆ ನಾನು ಇದನ್ನೇ ಹೇಳಿದಾಗ ಕೋಡಂಬಾಕ್ಕಂನ ನಮ್ಮ ಮನೆಯ ನಡುಕೋಣೆಯಲ್ಲಿ ನಿಂತು ಕೂಗಾಡಿದವರು ಇದೇ ಚಿಕ್ಕಪ್ಪ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ತಮಿಳು ಹುಡುಗನನ್ನು ನಾನು ರಿಜಿಸ್ಟರ್ ಮದುವೆಯಾಗುವವಳಿದ್ದೆ. ಛತ್ರ, ವಾಲಗ ಏನೂ ಬೇಡ, ಬೀದಿ ಕೊನೆಯ ಪಾರ್ಕಿನಲ್ಲಿ ನಲವತ್ತು ಜನಕ್ಕೆ ತಿಂಡಿ ಕೊಟ್ಟರೆ ಸಾಕು ಎಂದಿದ್ದೆ. “ನಾಯಿ ವಾಕಿಂಗ್ ಬರೋ ಜಾಗದಲ್ಲಿ ಮದುವೆ ಊಟ ಹಾಕ್ತೀಯೇನೇ? ನಮ್ಮ ಮನೆಯಿಂದ ಒಬ್ಬರೂ ಕಾಲಿಡಲ್ಲ” ಎಂದು ಬಾಗಿಲು ಬಡಿದುಕೊಂಡು ಹೋದರು. ಅಪ್ಪ ಪೇಪರಿನಲ್ಲಿ ಮುಖ ಹುದುಗಿಸಿದರು. ನೆಂಟರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು.

ಆಗ ಮಹಡಿ ಹತ್ತಿ ಬಂದವರು ಕೆಳಗಿನ ಮನೆ ಮಾಮ. ಕುಂದಾಪುರದ ಕಡೆಯವರು. ಹತ್ತಿರದ ಹೋಟೆಲೊಂದರಲ್ಲಿ ಸಪ್ಲೈಯರ್, ರಜೆಯ ದಿನ ಮದುವೆಮನೆಗಳಲ್ಲಿ ಬಡಿಸುವ ಕೆಲಸ. ಹುಡುಗ ಯಾವ ಜನ, ಯಾವ ಊರು ಎಂದು ಅವರು ಕೇಳಲಿಲ್ಲ. ಪಾರ್ಕಿನ ಹುಲ್ಲು ಎಷ್ಟು ಸಮ ಉಂಟು ಎಂದು ಕೇಳಿದರು.

ಸಂಜೆ ನನ್ನನ್ನು ಕರೆದುಕೊಂಡು ಹೋಗಿ ಅಂಗೈಯಿಂದ ಹುಲ್ಲು ಒತ್ತಿ ನೋಡಿದರು. ಅಲ್ಲಿ ಒಲೆ ಹಚ್ಚುವಂತಿಲ್ಲ, ಶಾಮಿಯಾನ ಕಟ್ಟುವಂತಿಲ್ಲ, ಬೆಳಿಗ್ಗೆ ಹತ್ತಕ್ಕೆ ಗೇಟು ಹಾಕುತ್ತಾರೆ. ಹಾಗಾದರೆ ಬಫೆ ಇಡೋಣ ಎಂದೆ. ಅವರಿಗೆ ಸಿಟ್ಟೇ ಬಂತು. ಮದುವೆಗೆ ಬಂದವರನ್ನು ತಟ್ಟೆ ಹಿಡಿಸಿ ಕ್ಯೂ ನಿಲ್ಲಿಸುವುದೇ? ಪಂಕ್ತಿಯಲ್ಲಿ ಕೂರಿಸಿ ಬಾಳೆಲೆ ಹಾಕಬೇಕು ಎಂದು ಹಟ ಹಿಡಿದರು. “ಸಾಂಬಾರ್ ಮಾತ್ರ ಬೇಡ ಮಾರಾಯ್ತಿ. ಹುಲ್ಲಿನ ಮೇಲೆ ಎಲೆ ಸಮ ಕೂತ್ಕೊಳ್ಳುದಿಲ್ಲ, ಎಲ್ಲ ಹರಿದು ಮಡಿಲಿಗೆ ಬರ್ತದೆ.” ಹಾಗಾಗಿ ಇಡ್ಲಿ, ಗಟ್ಟಿ ಚಟ್ನಿ, ಶುಂಠಿ, ಹಸಿಮೆಣಸು ಹಾಕಿ ತೆಂಗಿನೆಣ್ಣೆಯಲ್ಲಿ ಕರಿದ ಗೋಳಿಬಜೆ, ಶೀರಾ, ಕಾಫಿ. ಎಲೆಯ ಮೇಲೆ ಹರಿಯುವ ಒಂದು ಪದಾರ್ಥವೂ ಇರಲಿಲ್ಲ.

ಹಿಂತಿರುಗುವಾಗ ನಗುತ್ತಲೇ ಒಂದು ಮಾತು ಹೇಳಿದರು. ಮೂವತ್ತು ವರ್ಷದಿಂದ ಮದುವೆಗಳಲ್ಲಿ ಬಡಿಸುತ್ತಿದ್ದಾರೆ, ತಮ್ಮ ಮದುವೆ ಬಿಟ್ಟರೆ ಒಂದರಲ್ಲೂ ಪಂಕ್ತಿಯಲ್ಲಿ ಕೂತಿಲ್ಲ. ಬಡಿಸುವವರದು ಎಲ್ಲ ಮುಗಿದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ, ಅದೂ ಉಳಿದಿದ್ದರೆ. ನನ್ನ ರಿಸೆಪ್ಷನ್ನಿನಲ್ಲಿ ಮೊದಲ ಎಲೆ ನಿಮ್ಮದು, ಬಡಿಸಲು ಬೇರೆಯವರು ಬರಲಿ ಎಂದು ಮಾತು ಕೊಟ್ಟೆ. ಅವರು ಹೋಟೆಲಿನಿಂದ ಇಬ್ಬರನ್ನು ಗೊತ್ತು ಮಾಡಿದರು. ತಮಗಾಗಿ ಜರಿಯಂಚಿನ ಪಂಚೆಗೆ ಇಸ್ತ್ರಿ ಹಾಕಿಸಿದರು.

ಆ ದಿನ ಮಾಲಿ ಎಂದಿನಂತೆ ನಸುಕಿಗೇ ನೀರು ಬಿಟ್ಟಿದ್ದ. ಹುಲ್ಲೆಲ್ಲ ಒದ್ದೆ. ಮಾಮ ಮನೆಗೆ ಓಡಿ ತಮ್ಮ ಉದ್ದನೆಯ ಜಮಖಾನ ತಂದು ಹಾಸಿದರು. ಮೊದಲ ಎಲೆಗೆ ನಾನೇ ಅವರನ್ನು ಕೂರಿಸಿದೆ. ಸಂಕೋಚದಿಂದ ಮೈ ಹಿಡಿ ಮಾಡಿಕೊಂಡು ಕೂತರು. ಇಡ್ಲಿ ಬಡಿಸಿದ್ದರು, ಅವರಿನ್ನೂ ಮುರಿದಿರಲಿಲ್ಲ...

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಕಾಲಿಡುವುದಿಲ್ಲ ಎಂದಿದ್ದವರು, ಹೇಳದೆ ಕೇಳದೆ ಹದಿನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಪಂಕ್ತಿಯನ್ನೊಮ್ಮೆ ನೋಡಿ, ಹೋಟೆಲಿನಲ್ಲಿ ಕಂಡಿದ್ದ ಮಾಮನ ಗುರುತು ಹಿಡಿದು, “ಏಯ್ ಸಪ್ಲೈಯರ್, ನೀನೇ ಕೂತ್ಬಿಟ್ರೆ ಬಡಿಸೋರು ಯಾರಯ್ಯ? ಏಳು ಏಳು” ಎಂದರು. ಒಂದಿಬ್ಬರು ನಕ್ಕರು.

ಮಾಮ ಎದ್ದರು. ತಮ್ಮ ಎಲೆಯನ್ನು ತಾವೇ ಮಡಚಿ ತೆಗೆದು, ಅಲ್ಲಿ ಹೊಸ ಎಲೆ ಹಾಕಿದರು. ಚಿಕ್ಕಪ್ಪ ಅದರ ಮುಂದೆ ಕೂತರು. ಜರಿಯಂಚಿನ ಪಂಚೆ ಎತ್ತಿ ಕಟ್ಟಿ ಮಾಮ ಕಾಫಿ ಜಗ್ಗು ಹಿಡಿದರು. ಎಂದೂ ಒಂದು ತೊಟ್ಟು ಚೆಲ್ಲದ ಕೈ ಅಂದು ಚೆಲ್ಲಿತು.

ನಾನು? ಹತ್ತು ಹೆಜ್ಜೆ ದೂರದಲ್ಲಿ ಹಾರ ಹಾಕಿಕೊಂಡು ಕ್ಯಾಮೆರಾಕ್ಕೆ ಹಲ್ಲು ಕಿರಿಯುತ್ತ ನಿಂತಿದ್ದೆ. ಎಲ್ಲ ಕೇಳಿಸಿತ್ತು. ಆದರೂ ಚಿಕ್ಕಪ್ಪ ಬಂದರಲ್ಲ, ಅಪ್ಪನ ಮುಖ ಅರಳಿತಲ್ಲ ಎಂದು ನನಗೆ ಸಂತೋಷವಾಗಿತ್ತು. ಹತ್ತಕ್ಕೆ ವಾಚ್‌ಮನ್ ಸೀಟಿ ಊದಿದ. ಪಾತ್ರೆ ಎತ್ತುವ ಗಡಿಬಿಡಿಯಲ್ಲಿ ಮಾಮ ಏನಾದರೂ ತಿಂದರೇ ಎಂದು ಕೇಳಿದವರೂ ಇಲ್ಲ. ಮರುದಿನ ಡಬ್ಬಿಯಲ್ಲಿ ಶೀರಾ ತೆಗೆದುಕೊಂಡು ಹೋದೆ. “ಕಾರ್ಯಕ್ರಮ ಚಂದ ಆಯ್ತಲ್ಲ ಮಗಾ” ಎಂದರು. ಕೆಲವು ವರ್ಷಗಳ ಮೇಲೆ ಊರಿಗೆ ಹೋಗುವಾಗ ಜಮಖಾನವನ್ನು ನನಗೇ ಕೊಟ್ಟುಹೋದರು. ಅವರು ತೀರಿಕೊಂಡ ಸುದ್ದಿ ತಲುಪುವಷ್ಟರಲ್ಲಿ ಹದಿಮೂರನೆಯ ದಿನವೂ ಕಳೆದಿತ್ತು...

ನಿನ್ನೆ ಚಿಕ್ಕಪ್ಪ ಮೊಮ್ಮಗಳ ಜೊತೆ ಬಂದರು. ಅವಳು ಜಮಖಾನ ಮುಟ್ಟಿ, “ಸೂಪರಾ ಇರುಕ್ಕು ಅತ್ತೆ!” ಎಂದು ತಮಿಳಿನಲ್ಲೇ ಮೆಚ್ಚಿದಳು. ಚಿಕ್ಕಪ್ಪ ಕಾಫಿ ಕುಡಿಯುತ್ತ ಕೇಳಿದರು: “ನಿನ್ನ ರಿಸೆಪ್ಷನ್ನಲ್ಲಿ ಬಡಿಸಿದ್ನಲ್ಲ ಆ ಸಪ್ಲೈಯರ್, ಒಳ್ಳೇ ಕೈ ಕಣೆ. ಅವನ ನಂಬರ್ ಇದ್ಯಾ?”

“ಅವರು ಹೋಗಿ ಆರು ವರ್ಷ ಆಯ್ತು. ಅವತ್ತು ಅವರು ಬಡಿಸಕ್ಕೆ ಬಂದಿರಲಿಲ್ಲ ಚಿಕ್ಕಪ್ಪ, ತಿಂಡಿಗೆ ಬಂದಿದ್ರು. ನಾನೇ ಕರೆದಿದ್ದೆ. ನೀವು ಎಬ್ಬಿಸಿದ್ರಿ.”

ಅವರು ಲೋಟ ಕೆಳಗಿಟ್ಟರು. ನಿಜಕ್ಕೂ ಗೊತ್ತಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. “ಹೌದಾ? ನೀನು ಅಲ್ಲೇ ನಿಂತಿದ್ಯಲ್ಲೇ. ಒಂದು ಮಾತು ಹೇಳಬಾರದಿತ್ತಾ?”

ಹದಿನೆಂಟು ವರ್ಷದಿಂದ ಅವರಿಗೆಂದೇ ಕೂಡಿಟ್ಟಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಜಮಖಾನ ಕೊಡುವುದಿಲ್ಲ ಎಂದೆ, ಅಷ್ಟೇ. ಹುಡುಗಿಯ ಮುಖ ಸಣ್ಣದಾಯಿತು. ಮಾಮ ಇದ್ದಿದ್ದರೆ ನನಗೇ ಗದರುತ್ತಿದ್ದರು. ಅವಳದೆಂತ ತಪ್ಪು, ಬೆಳಿಗ್ಗೆ ಹುಲ್ಲು ಒದ್ದೆ ಇರ್ತದೆ, ಕೊಡು ಮಾರಾಯ್ತಿ ಎನ್ನುತ್ತಿದ್ದರು... ಎನ್ನಲು ಅವರಿಲ್ಲ. ಜಮಖಾನ ಮಡಚಿ ಮತ್ತೆ ಲಾಫ್ಟ್‌ಗೆ ಹಾಕಿದೆ.