ಹೇಳಬೇಡಿ ಎಂದ ಅದೀಬ

ಅಮೆರಿಕದ ಪ್ಲಿಮತ್‌ನ ಕಾರು ಬಿಡಿಭಾಗಗಳ ಕಂಪನಿಯೊಂದರಲ್ಲಿ ಪರೀಕ್ಷಾ ಯಂತ್ರಗಳ ರಿಪೇರಿ ಮಾಡಿಕೊಂಡಿರುವ ಅದೀಬ ಒಂದು ಕಾಲಕ್ಕೆ ಅಲ್ಲಿನ ನೌಕಾಪಡೆಯ ಸಬ್‌ಮರೀನಿನಲ್ಲಿದ್ದವನು. ನೌಕಾಪಡೆಯೇನೂ ಅವನನ್ನು ಎಳೆದುಕೊಂಡು ಹೋಗಲಿಲ್ಲ. ಇವನೇ ಹೋಗಿ ಬಿದ್ದ. 1999ರಲ್ಲಿ ತಾನು ಬೆಳೆದ ಲೊಂಬಾರ್ಡ್ ಊರಿನ ಹೈಸ್ಕೂಲು ಮುಗಿಸುವ ಹೊತ್ತಿಗೆ ಅವನ ಮುಂದಿದ್ದದ್ದು ಒಂದೇ ದಾರಿ, ಅಪ್ಪ ಶೌಕತ್‌ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಧೂಳು ಊದುವುದು. ಇನ್ನೊಂದು ದಾರಿಯನ್ನು ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದವನೊಬ್ಬ ಮಾಲ್‌ನಲ್ಲಿ ತೋರಿಸಿದ. ನಮ್ಮ ಭರ್ತಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದೀಯ, ಸಬ್‌ಮರೀನಿನ ಎಲೆಕ್ಟ್ರಾನಿಕ್ಸು, ಕಂಪ್ಯೂಟರು ಕಲಿಸುತ್ತೇವೆ, ಆರು ವರ್ಷ ದುಡಿ, ಅಷ್ಟೇ ಎಂದ. ಪಕ್ಕದ ಓಕ್ ಬ್ರೂಕಿನ ಬಂಗಲೆಯ ಹುಡುಗರನ್ನು ಯಾರೂ ಹೀಗೆ ಮಾಲ್‌ನಲ್ಲಿ ತಡೆದು ನಿಲ್ಲಿಸುವುದಿಲ್ಲ.

"ಮೀನಿನಂಗ ನೀರಾಗ ಇರ್ತೀಯೇನೋ? ಉಸಿರು ಹ್ಯಾಂಗ ಆಡ್ತಿ?" ಎಂದಳು ತಾಯಿ ಗುಲ್‌ಶನ್. ಗದಗ ಬಿಟ್ಟು ಹದಿನೈದು ವರ್ಷವಾಗಿದ್ದರೂ ಆ ಮನೆಯಲ್ಲಿ ಜಗಳ, ಪ್ರೀತಿ ಎರಡೂ ಗದಗಿನ ಕನ್ನಡದಲ್ಲೇ.

"ಏಸಿ ಇರ್ತೈತಿ ಅಮ್ಮಿ."

"ನಿಮ್ಮಪ್ಪನ ಅಂಗಡ್ಯಾಗೂ ಏಸಿ ಐತಿ."

ಹೋದ. ಮನೆಯಿಂದ ಒಂದು ತಾಸಿನ ದಾರಿಯ ಗ್ರೇಟ್ ಲೇಕ್ಸ್ ನೌಕಾನೆಲೆಯಲ್ಲಿ ಕವಾಯತು, ಆಮೇಲೆ ಕನೆಕ್ಟಿಕಟ್‌ನಲ್ಲಿ ತರಬೇತಿ. ನೀರೊಳಗಿನ ಸದ್ದು ಹಿಡಿಯುವ ಸೋನಾರ್ ಯಂತ್ರದ ಕಂಪ್ಯೂಟರುಗಳು ಕೆಡದಂತೆ ನೋಡಿಕೊಳ್ಳುವುದು ಅವನ ಕೆಲಸ. ಕಾರ್ಡು ಕಳಚಿ ಬೇರೆ ಕಾರ್ಡು ಹಾಕುವುದು, ಫ್ಯಾನಿಗೆ ಕಟ್ಟಿದ ಧೂಳು ತೆಗೆಯುವುದು. ಅಪ್ಪನ ಅಂಗಡಿಯ ಧೂಳು ತಪ್ಪಿಸಿಕೊಂಡವನಿಗೆ ಸರ್ಕಾರಿ ಧೂಳು ಸಿಕ್ಕಿತು. ನಮಾಜಿಗೆ ಕಿಬ್ಲಾ ಯಾವ ಕಡೆ ಎಂದು ಕೇಳಿದರೆ ದಿಕ್ಕು ನೋಡುವ ಕೆಲಸದ ಹುಡುಗರು, "ನಾವೆಲ್ಲಿದ್ದೀವಿ ಅನ್ನೋದೇ ಗುಟ್ಟು, ನಿನಗೆ ಹೇಗಯ್ಯಾ ಹೇಳೋಣ?" ಎಂದು ಗೋಳು ಹುಯ್ದುಕೊಂಡು ಆಮೇಲೆ ಕೈ ತೋರಿಸುತ್ತಿದ್ದರು.

ಪ್ರತಿ ಸಲ ಸಮುದ್ರಕ್ಕೆ ಹೊರಡುವ ಮೊದಲು ಅವರ ಮೇಲಿನ ಚೀಫ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳುತ್ತಿದ್ದ: ಮನೆಯಲ್ಲಿ ಯಾರಾದರೂ ಸತ್ತರೆ ಆಗಲೇ ಹೇಳಬೇಕೋ, ದಡಕ್ಕೆ ಬಂದ ಮೇಲೋ? ಹೇಳಿದರೂ ಸಬ್‌ಮರೀನು ತಿರುಗುವುದಿಲ್ಲ. ಅಳುವವನು ಆ ಕಬ್ಬಿಣದ ಕೊಳವೆಯೊಳಗೇ ಅಳಬೇಕು. ಮೊದಲ ಪ್ರಯಾಣದಲ್ಲೇ ಅದೀಬ ಅದನ್ನು ನೋಡಿದ್ದ. ಅಡುಗೆಯವನೊಬ್ಬನಿಗೆ ಅಪ್ಪನ ಸಾವಿನ ಸುದ್ದಿ ಕೊಟ್ಟರು. ಅವನು ತಿಂಗಳು ಪೂರ್ತಿ ತುಟಿ ಬಿಚ್ಚದೆ ಮೊಟ್ಟೆ ಒಡೆದ. ಹಾಗಾಗಿ 2003ರಲ್ಲಿ ಅದೀಬ "ಹೇಳಬೇಡಿ" ಎಂದ. ತಪ್ಪು ಅದಲ್ಲ. ಹಾಗೆ ಹೇಳಿದ್ದೇನೆಂದು ಮನೆಯವರಿಗೆ ತಿಳಿಸಲಿಲ್ಲವಲ್ಲ, ಅದು. ಆದರೆ ಹೊರಟು ನಿಂತ ಮಗ ತಾಯಿಯ ಎದುರು ಸಾವಿನ ಮಾತು ಎತ್ತುವುದು ನಮ್ಮ ಮನೆಗಳಲ್ಲಿ ಎಲ್ಲಾದರೂ ಉಂಟೇ?

ಅವನು ನೀರಿನಡಿಯಲ್ಲಿದ್ದಾಗ ಗುಲ್‌ಶನ್‌ಳ ಮಿದುಳಿನ ರಕ್ತನಾಳ ಒಡೆಯಿತು. ಆಸ್ಪತ್ರೆ ಸೇರಿದ ಮರುದಿನವೇ ಹೋದಳು. ಶೌಕತ್ ನೌಕಾಪಡೆಗೆ ಸುದ್ದಿ ಮುಟ್ಟಿಸಿದ. "ಸಂದೇಶ ಹೋಗಿದೆ" ಎಂದಷ್ಟೇ ಉತ್ತರ ಬಂತು. ಅದು ಹೋದದ್ದು ಸಬ್‌ಮರೀನಿನ ಕ್ಯಾಪ್ಟನ್‌ವರೆಗೆ ಮಾತ್ರ. ಮಗ ಹೇಗಾದರೂ ಬಂದೇ ಬರುತ್ತಾನೆಂದು ಶೌಕತ್ ಮಣ್ಣು ಮಾಡುವುದನ್ನು ತಡೆದ. ಮಯ್ಯತ್ತನ್ನು ಹೀಗೆ ಮಣ್ಣಿಗಿಡದೆ ಕಾಯಿಸುವುದೇನು ಎಂದು ಜಮಾತಿನ ಹಿರಿಯರು ಮುಖಕ್ಕೆ ಹೊಡೆದ ಹಾಗೆ ಅಂದರು. ಎರಡು ದಿನ ಕಾದ. ಕೊನೆಗೆ ಜನಾಜಾಕ್ಕೆ ಹೆಗಲು ಕೊಟ್ಟವರಲ್ಲಿ ಮಗನಿರಲಿಲ್ಲ.

ಆ ವಾರ ಕ್ಯಾಪ್ಟನ್ ಸುಮ್ಮಸುಮ್ಮನೆ ಬಂದು ಅದೀಬನ ಬೆನ್ನು ತಟ್ಟಿದ್ದ, "ಚೆನ್ನಾಗಿ ನಿದ್ದೆ ಮಾಡು" ಎಂದಿದ್ದ. ಇವನು ಬಡ್ತಿ ಬಂತೆಂದೇ ಬೀಗಿದ. ಮನೆಯಿಂದ ಆಗಾಗ ಬರುತ್ತಿದ್ದ ಇಮೇಲ್ ನಿಂತುಹೋಯಿತು. ಸಾವಿನ ಸುದ್ದಿ ಇದ್ದವನ್ನು ದಡದಲ್ಲೇ ತಡೆಯುತ್ತಿದ್ದರು. ಅಮ್ಮಿ ಮುನಿಸಿಕೊಂಡಿದ್ದಾಳೆ, ಹೋದ ಮೇಲೆ ರಮಿಸಿದರಾಯಿತು ಅಂದುಕೊಂಡ.

ದಡ ಮುಟ್ಟಿದ ದಿನ ಕ್ಯಾಪ್ಟನ್ ಬಾಗಿಲು ಹಾಕಿಕೊಂಡು ಹೇಳಿದ. ಅದೀಬ ಲೊಂಬಾರ್ಡಿಗೆ ಬಂದಾಗ ಶೌಕತ್ ಅಂಗಡಿಯಲ್ಲಿದ್ದ. ಕೂತಲ್ಲಿಂದ ಏಳಲಿಲ್ಲ.

"ಬರಾಕ ಬಿಡಲಿಲ್ಲೇನು?"

"ನನಗ ಗೊತ್ತ ಇರಲಿಲ್ಲ ಅಬ್ಬಾ. ನಿನ್ನೆ ಹೇಳಿದ್ರು."

"ನಾ ಅವತ್ತ ತಿಳಿಸೇನಲ್ಲೋ! ಯಾವ ಹಲ್ಕಟ್ ತಡದಾ ಸುದ್ದೀನ? ಹೆಸರು ಹೇಳು, ಕೇಸ್ ಹಾಕ್ತೀನಿ."

"ನಾನ... ಹೇಳಬ್ಯಾಡ್ರಿ ಅಂದಿದ್ದೆ."

ಶೌಕತ್ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

"ಹಂಗಾರ ನನಗರ ಒಂದು ಮಾತು ಹೇಳಬಾರದಿತ್ತೇನೋ? ಎರಡು ದಿನ ಅಕೀನ ಐಸಿನಾಗ ಇಟ್ಟೆ. ನಿನ್ನ ಸಲುವಾಗಿ."

ತಾಯಿಯನ್ನು ಮಣ್ಣಿಗಿಟ್ಟ ದಿನ ತಾನೇನು ಮಾಡುತ್ತಿದ್ದೆನೆಂದು ಅದೀಬ ಬಹಳ ಸಲ ನೆನಪು ಕೆದಕಿದ. ಹಗಲು ರಾತ್ರಿಯೇ ಇಲ್ಲದ ಕಡೆ ಒಂದು ದಿನವನ್ನು ಹೆಕ್ಕುವುದು ಹೇಗೆ? ಇಸ್ಪೀಟು ಆಡುತ್ತಿದ್ದಿರಬೇಕು. ಗೆದ್ದು ನಕ್ಕಿದ್ದನೋ ಏನೋ.

ಮುಂದಿನ ಸಲ ಚೀಫ್ ಕೇಳಿದಾಗ "ಆಗಲೇ ಹೇಳಿ" ಎಂದ. ಈ ಸಲ ಅಪ್ಪನಿಗೂ ಫೋನ್ ಮಾಡಿ ತಿಳಿಸಿದ.

"ಯಾಕ? ನಾ ಸತ್ರ ಬರ್ತೀಯೇನು?" ಎಂದ ಶೌಕತ್.

"ಬರಾಕ ಆಗೂದಿಲ್ಲ ಅಬ್ಬಾ. ಗೊತ್ತಿರ್ತೈತಿ, ಅಷ್ಟ."

"ಹಂಗಾರ ನಿನ್ನ ಹಾದಿ ನೋಡಬ್ಯಾಡ್ರಿ, ಅವತ್ತ ಮಣ್ಣು ಮಾಡ್ರಿ ಅಂತ ಜಮಾತಿನವರಿಗೆ ಹೇಳಿಟ್ಟಿರ್ತೀನಿ" ಎಂದು ಶೌಕತ್ ಫೋನ್ ಇಟ್ಟ.