ಸಾಗವಾನಿಯ ಬೇಸ್ ಗಿಟಾರು

ಬೇಸ್ ಗಿಟಾರು ಬಾರಿಸುವವನ ಪಾಡು ಸಾರಿಗೆ ಹಾಕಿದ ಉಪ್ಪಿನಂಥದು. ಇದ್ದರೆ ಯಾರೂ ಹೆಸರೆತ್ತುವುದಿಲ್ಲ. ರಾಣೆಬೆನ್ನೂರಿನ ನಮ್ಮ ಆರ್ಕೆಸ್ಟ್ರಾದಲ್ಲಿ ಎಷ್ಟೋ ವರ್ಷದಿಂದ ನಾನೇ ಆ ಉಪ್ಪು. ಮದುವೆ ಮನೆಯವರು ಗಾಯಕನಿಗೆ ಶಾಲು ಹೊದಿಸುತ್ತಾರೆ. ನನಗೆ, "ಸ್ವಲ್ಪ ಸರೀರಿ, ಫೋಟೋದಾಗ ಅಡ್ಡ ಬರಾಕತ್ತೀರಿ" ಎನ್ನುತ್ತಾರೆ.

ಹೋದ ವರ್ಷ ಗುತ್ತಲದ ಮದುವೆ ಮುಗಿಸಿ ಬರುವಾಗ ಗಿಟಾರು ಟೆಂಪೋದಿಂದ ಬಿದ್ದು ಅದರ ಮೈ ಬಿರಿಯಿತು. ನೋಡಿದರೆ ಒಳಗೆಲ್ಲ ಪ್ಲೈವುಡ್ಡು. ಇಷ್ಟು ದಿನ ನಾನು ಅಪ್ಪಿಕೊಂಡು ಮೆರೆದದ್ದು ಅಂಗಡಿ ಕಪಾಟಿನ ಹಲಗೆಯನ್ನು. ಆಮೇಲೆ ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ಹೊರದೇಶದವರು ಆಲ್ಡರ್, ಆಶ್, ಮಹಾಗನಿ ಮರವೇ ಬೇಕು ಎನ್ನುತ್ತಾರೆ. ಅಲ್ಯುಮಿನಿಯಂನಲ್ಲಿ, ಅಕ್ರಿಲಿಕ್ಕಿನಲ್ಲಿ ಮಾಡುವವರೂ ಇದ್ದಾರಂತೆ. ಇನ್ನೊಂದು ಪಂಗಡ, ಸದ್ದೆಲ್ಲ ತಂತಿಯದು, ಅದರ ಕೆಳಗಿನ ಅಯಸ್ಕಾಂತದ್ದು, ಕಟ್ಟಿಗೆ ಯಾವುದಾದರೇನು ಎಂದು ವಾದಿಸುತ್ತದೆ. ಇವರ ಜಗಳ ನೋಡಿದರೆ ನಮ್ಮ ಗ್ರಾಮ ಪಂಚಾಯ್ತಿಯೇ ವಾಸಿ.

ನನಗೂ ಯಾವುದಾದರೂ ನಡೆಯುತ್ತಿತ್ತು. ಅಣ್ಣನಿಗೆ ನಡೆಯುತ್ತಿರಲಿಲ್ಲ. ನನಗೆ ಗಿಟಾರು ಕಲಿಸಿದವನು ಅವನೇ. ಅವನ ತಲೆಯೊಳಗೆ ಎರಡೂ ಕಿವಿಯ ನರಗಳ ಮೇಲೆ ಗಡ್ಡೆ ಬೆಳೆದಿದೆ. ಕೇಳುವುದು ಪೂರ್ತಿ ನಿಂತಿದೆ. ಇನ್ನು ಮುಖದ ಸ್ಪರ್ಶವೂ ಹೋಗಬಹುದು, ಕೊಯ್ದು ತೆಗೆಯುವ ಹಂತ ದಾಟಿದೆ ಎಂದು ಡಾಕ್ಟರು ಹೇಳಿದ್ದಾರೆ. ದಿನಾ ಸಂಜೆ ಅವನು ಗಿಟಾರಿನ ಮೇಲಂಚಿಗೆ ಗದ್ದ ಊರಿ ಕೂಡುತ್ತಾನೆ, ನಾನು ಬಾರಿಸುತ್ತೇನೆ. ಕಟ್ಟಿಗೆ ನಡುಗಿದ್ದಷ್ಟೇ ಅವನ ಪಾಲಿನ ಸಂಗೀತ.

ಬ್ಯಾಡಗಿಯ ಬಡಿಗೇರ ಮೌನೇಶಪ್ಪ ಹಳೆಯ ಮನೆಯೊಂದರ ಸಾಗವಾನಿ ತೊಲೆ ಕೊಯ್ದು ಹೊಸ ಮೈ ಮಾಡಿಕೊಟ್ಟ. ಹೆಗಲಿಗೆ ಹಾಕಿಕೊಂಡರೆ ನೇಗಿಲು ಹೊತ್ತಂತೆ. ಅದಿರಲಿ, ದಪ್ಪ ತಂತಿ ಮೀಟಿದರೆ ಒಳಗೆಲ್ಲೋ ಝರ್ ಎನ್ನುತ್ತಿತ್ತು. ಏನಿದು ಎಂದು ಕೇಳಿದೆ.

"ಕಟ್ಟಿಗಿ ಜೋಡ್ಸೋ ಮುಂದ ಒಳಗೊಂದು ತಾಮ್ರದ ರೊಕ್ಕ ಇಟ್ಟೇನ್ರಿ. ಬಾಗಲಾ ನಿಂದ್ರಸೋ ಮುಂದ ಇಡೂದಿಲ್ಲೇನ್ರಿ? ಚಲೋ ಆಗಲಿ ಅಂತ" ಎಂದ.

ಹೊಸ ಮನೆಯ ಚೌಕಟ್ಟಿನಡಿ ನಾಣ್ಯ ಇಡುವುದು ನಮ್ಮ ಕಡೆಯ ಪದ್ಧತಿ. ಗಿಟಾರಿಗೂ ಆ ಶಾಸ್ತ್ರ ಮಾಡಿದ ಪುಣ್ಯಾತ್ಮ ಈತನೊಬ್ಬನೇ ಇರಬೇಕು. ಸಿಟ್ಟು ನೆತ್ತಿಗೇರಿತು. ಅವನು ಅಂಗಡಿ ಮುಚ್ಚುವ ಹೊತ್ತಾಗಿತ್ತು, ನಾಳೆ ಒಡೆದು ತೆಗೆಯಲೇಬೇಕು ಎಂದು ತಾಕೀತು ಮಾಡಿ ಗಿಟಾರು ಹೊತ್ತು ಮನೆಗೆ ಬಂದೆ.

ಅಣ್ಣ ಗದ್ದ ಊರಿದ. ತಿಂಗಳುಗಟ್ಟಲೆ ಮಂಕಾಗಿದ್ದ ಮುಖ ಅರಳಿತು. "ತಮ್ಮಾ, ಇದು ಖರೇ ಬಂತು ನೋಡು. ದಪ್ಪ ತಂತಿ ಹೌದಿಲ್ಲೋ?" ಎಂದ. ಬರೀ ನಡುಕ ಸಾಲದಿದ್ದ ಅವನಿಗೆ ಆ ಝರ್ ಮುಟ್ಟಿತ್ತು. ನಾಣ್ಯ ಅಲ್ಲೇ ಉಳಿಯಿತು. ಮದುವೆಗಳಿಗೆ ಗೆಳೆಯನ ಗಿಟಾರು ಬೇಡಿ ಒಯ್ಯುತ್ತೇನೆ.

ಮೊನ್ನೆ ಸಂಜೆ ನಾನು ಬಾರಿಸುತ್ತಲೇ ಇದ್ದೆ. ಅಣ್ಣ ಗದ್ದ ಊರಿಕೊಂಡೇ, "ಯಾಕೋ ಸುಮ್ಮ ಕುಂತಿ? ಚಾಲೂ ಮಾಡು" ಎಂದ. ನಾನು ದಪ್ಪ ತಂತಿಯನ್ನು ಇನ್ನಷ್ಟು ಜೋರಾಗಿ ಮೀಟಿದೆ. ಅವನು ತಿರುಗಿ ನನ್ನ ಬೆರಳು ನೋಡಿದ. ಗದ್ದಕ್ಕೆ ನಡುಕ ಮುಟ್ಟುತ್ತಿಲ್ಲವೆಂದು ಅವನಿಗೂ ತಿಳಿಯಿತು. ಗದ್ದ ತೆಗೆದು, ನಾಣ್ಯವಿರುವ ಕಡೆ ಅಂಗೈ ಊರಿದ.

"ಹಾಂ, ಇಲ್ಲೈತಿ" ಎಂದ. ಆ ಅಂಗೈಯನ್ನೇ ನೋಡುತ್ತ, "ಇದೂ ಹ್ವಾದ್ರ ಎದಿ ಮ್ಯಾಲ ಇಡು. ಬಾರ್ಸೂದು ನಿಂದ್ರಸಬ್ಯಾಡ" ಎಂದ.

ನಾನು ಅತ್ತೆ. ಬಾರಿಸುತ್ತಲೇ ಅತ್ತೆ.

ಬೇಸ್ ಗಿಟಾರಿಗೆ ಯಾವ ಕಟ್ಟಿಗೆ ಒಳ್ಳೆಯದು ಎಂದು ಹೊಸ ಹುಡುಗರು ಈಗಲೂ ಕೇಳುತ್ತಾರೆ. ಅಣ್ಣ ಇರುವ ತನಕ ಸಾಗವಾನಿ. ಆಮೇಲೆ ಪ್ಲೈವುಡ್ ಆದರೂ ನಡೆಯುತ್ತದೆ.