ಮಿಷನ್ನಿಗೆ ಸೀಟು, ನನಗೆ ಟಾಪು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಾನು ನೈಲಾನ್ ಸೀರೆ ಎತ್ತಿಕಟ್ಟಿ ಬಸ್ಸಿನ ಟಾಪ್ ಹತ್ತಿದೆ.

ಬಡವನಹಳ್ಳಿ ಸಂತೆಯಲ್ಲಿ ಕೂತು ರವಿಕೆ ಹೊಲಿಯುವುದು ನನ್ನ ಕೆಲಸ. ಅಂಗಡಿಯೆಲ್ಲ ಒಂದೇ ಮರದ ಪೆಟ್ಟಿಗೆಯಲ್ಲಿದೆ: ಕೈಮಿಷನ್ನು, ಕತ್ತರಿ, ಪೌಡರ್ ಡಬ್ಬಿಯ ತುಂಬ ಬಾಬಿನ್ನು. ಹೆಂಗಸರು ಅಳತೆಗೆಂದು ಕೊಟ್ಟ ಹಳೇ ರವಿಕೆಗಳನ್ನೇ ಮಿಷನ್ನಿಗೆ ಸುತ್ತಿ ಪ್ಯಾಕ್ ಮಾಡುತ್ತೇನೆ. ಆದರೂ ಹೋದ ಸಲ ಟಾಪ್‌ನಿಂದ ಇಳಿಸುವಾಗ ಬೀಳಿಸಿ ಹಿಡಿಕೆ ಮುರಿದಿದ್ದರು.

ಇವತ್ತೂ ಕಂಡಕ್ಟರು ಅದೇ ರಾಗ ತೆಗೆದ. “ಮಿಷನ್ನು ಟಾಪ್‌ಗೆ ಹಾಕಮ್ಮ. ಸೀಟು ಇರೋದು ಜನಕ್ಕೆ ಕಣಮ್ಮ.”

“ಟಿಕೆಟ್ ತಗೊಂಡಿದೀನಿ. ನನ್ ಸೀಟಲ್ಲಿ ಅದು ಕೂತ್ಕಳ್ಳಲಿ, ನಾನೇ ಟಾಪ್‌ಗೋಯ್ತೀನಿ,” ಎಂದೆ.

ಪೆಟ್ಟಿಗೆಯನ್ನು ಕಿಟಕಿ ಪಕ್ಕ ಕೂರಿಸಿ, ಹಿಂದಿನ ಏಣಿ ಹತ್ತಿ, ಕಡಲೆಕಾಯಿ ಮೂಟೆಗಳ ನಡುವೆ ಕೂತೇಬಿಟ್ಟೆ. ಬಸ್ ಸ್ಟ್ಯಾಂಡೆಲ್ಲ ಕತ್ತೆತ್ತಿ ನೋಡಿತು.

“ಇಳಿಯಮ್ಮೋ! ಹೆಂಗ್ಸು ಟಾಪ್ ಮೇಲೆ ಕೂತ್ರೆ ಜನ ನನ್ ಮುಖಕ್ಕೆ ಉಗೀತಾರೆ!”

“ಮಿಷನ್ ಮುರುದ್ರೆ ಯಾರೂ ಉಗಿಯಲ್ವಾ?”

ಡ್ರೈವರು ಹಾರನ್ ಮೇಲೆ ಹಾರನ್ ಹೊಡೆದ. ನಾನು ಕದಲಲಿಲ್ಲ. ಕೊನೆಗೆ ಕಂಡಕ್ಟರು ಕೈಮುಗಿದು, “ನಿನ್ ಪಕ್ಕದಲ್ಲೇ ಮಡಿಕ್ಕೋ, ಇಳಿದ್ ಬಾ ತಾಯಿ,” ಎಂದ. ಇಳಿದು ಬಂದು ಮಿಷನ್ನಿನ ಪಕ್ಕ ಕೂತೆ.

ಬಡವನಹಳ್ಳಿಯಲ್ಲಿ ಇಳಿಯುವಾಗ ಅವನೇ ದನಿ ತಗ್ಗಿಸಿ, “ಮುಂದಿನ ಸಂತೆಗೆ ನಮ್ಮನೆಯವಳ ಅಳತೆ ರವಿಕೆ ತಂದ್ಕೊಡ್ಲೇನಮ್ಮ?” ಎಂದ.

“ರವಿಕೆ ಯಾಕಪ್ಪ? ಅವಳನ್ನೇ ಕರ್ಕೊಂಡ್ ಬಾ. ಸೀಟು ಇರೋದು ಜನಕ್ಕೆ ತಾನೇ?”